ದಸ್ತಗೀರನ ಇಸ್ತ್ರಿಯೊಳಗಿನ ಕಾಗೆ ಬಂಗಾರ

ಈಚೆಗೆ ನಮ್ಮ ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದೆವು. ಬಡಗಿ ಮೈಕಾ ಹಾಳೆಯನ್ನು ಕರೆಂಟಿನ ಗರಗಸಕ್ಕೆ ಕೊಟ್ಟು ಕತ್ತರಿಸುತ್ತಿದ್ದ. ಅಲಗು ಒಂದು ಕಡೆ ಸಿಕ್ಕಿಕೊಂಡು ನಿಂತಲ್ಲೇ ತಿರುಗಿತು. ಹಾಳೆಯ ಅಂಚು ಕಪ್ಪಾಗಿ ಹೊಗೆ ಎದ್ದಿತು. ಅಂಟು ಮತ್ತು ಕಾಗದ ಒಟ್ಟಿಗೆ ಸುಡುವ, ಗಂಟಲಿಗೆ ಹಿಡಿಯುವ ಒಂದು ಸಿಹಿ ಕಮಟು. ನಾನು ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದವನು ಯಾವಾಗ ಎದ್ದೆನೋ ಗೊತ್ತಿಲ್ಲ. ಮನೆಯ ಮೇನ್ ಸ್ವಿಚ್ ಕೆಳಗಿಳಿಸಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಗರಗಸ ನಿಂತಿತು, ಫ್ಯಾನು ನಿಂತಿತು, ಬಡಗಿ ಬೆಪ್ಪಾಗಿ ನನ್ನನ್ನು ನೋಡಿದ. ನನ್ನ ಹೆಂಡತಿ ಮಾತ್ರ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಮತ್ತೆ ನಿಪ್ಪಾಣಿಗೆ ಹೋದ್ರಾ?" ಎಂದಳು.

ಹೌದು, ಹೋಗಿದ್ದೆ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲಕ್ಕೆ.

ನಾನು ಹಾಸನ ಜಿಲ್ಲೆಯವನು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಮೊದಲ ನೌಕರಿಗೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ನಿಪ್ಪಾಣಿಗೆ ಬಂದಿಳಿದಾಗ ಜೂನ್ ತಿಂಗಳು. ಬಸ್ಸಿನ ಬಾಗಿಲು ತೆರೆದದ್ದೇ ಊರು ಮೂಗಿನೊಳಗೆ ನುಗ್ಗಿತು. ಹದ ಮಾಡಿಟ್ಟ ತಂಬಾಕಿನ ಘಾಟು. ಓಣಿ ಓಣಿಗೂ ತಂಬಾಕು ತುಂಬಿಡುವ ವಖಾರಗಳು. ಮಳೆ ಹಿಡಿದರೆ ಆ ಘಾಟು ಒದ್ದೆಯಾಗಿ ಇನ್ನೂ ಭಾರವಾಗುತ್ತಿತ್ತು. ಮೊದಲ ವಾರ ಸೀನಿದೆ, ಎರಡನೆಯ ವಾರ ಕಣ್ಣುಜ್ಜಿಕೊಂಡೆ, ಆಮೇಲೆ ಆ ವಾಸನೆ ಇದೆಯೆಂಬುದೇ ಮರೆತುಹೋಯಿತು. ಈಗ ಯೋಚಿಸಿದರೆ, ಆ ಊರಿನಲ್ಲಿ ಬೇರೆ ಯಾವ ವಾಸನೆಗೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಎನ್ನುವುದೂ ಈ ಕಥೆಯ ಒಂದು ಭಾಗವೇ.

ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ದರ್ಜಿ ಅಂಗಡಿಯ ಮೇಲಿನ ಕೋಣೆ. ಅಂಗಡಿಯೊಳಗಿಂದಲೇ ಏಣಿಯಂಥ ಕಟ್ಟಿಗೆಯ ಮೆಟ್ಟಿಲು ಹತ್ತಿ ಹೋಗಬೇಕು. ಹಾಗಾಗಿ ನಾನು ಎಲ್ಲಿಗೆ ಹೋದರೂ, ಎಲ್ಲಿಂದ ಬಂದರೂ ದಸ್ತಗೀರ್ ಭಾಯಿಯ ಕಣ್ಣು ತಪ್ಪಿಸಲು ಸಾಧ್ಯವಿರಲಿಲ್ಲ. ನಡುವಯಸ್ಸಿನ, ಸಣಕಲು ಮೈಯ, ಕೊರಳಿಗೆ ಸದಾ ಅಳತೆಪಟ್ಟಿ ಹಾಕಿಕೊಂಡ ಮನುಷ್ಯ. ಪಕ್ಕದಲ್ಲಿ ಅವರ ಹೆಂಡತಿ ಮೆಹರುನ್ ಭಾಭಿ ಗುಂಡಿ ಹಚ್ಚುತ್ತ, ಕಾಜಾ ಮಾಡುತ್ತ ಕೂತಿರುತ್ತಿದ್ದರು. ಭಾಭಿ ಮಾತು ಕಡಿಮೆ. ಭಾಯಿ ಅವರ ಪಾಲಿನದನ್ನೂ ಸೇರಿಸಿ ಆಡುತ್ತಿದ್ದರು.

"ಮಾಸ್ತರ, ನಿಮ್ಮ ಮಾತು ಕೇಳಾಕ ಭಾಳ ಚಂದ ನೋಡ್ರಿ. ಪುಸ್ತಕ ಬಾಯಿ ಬಿಟ್ಟಂಗ ಆಗತೈತಿ," ಎಂದು ಮೊದಲ ದಿನವೇ ಕಾಲೆಳೆದಿದ್ದರು. ನಾನು "ಊಟ ಆಯ್ತಾ?" ಎಂದರೆ "ಆಯ್ತಾ ಅಲ್ರಿ, ಆತೇನ್ರಿ!" ಎಂದು ತಿದ್ದುತ್ತಿದ್ದರು.

ಎದುರಿಗೆ ಮಾರುತಿ ಸುತಾರರ ಬಡಗಿ ಅಂಗಡಿ. ಮನೆಮಾತು ಮರಾಠಿ, ಓಣಿಯ ಮಾತು ಕನ್ನಡ, ಸಿಟ್ಟು ಬಂದಾಗ ಎರಡೂ. ಭಾಯಿ ಅವರಿಗೆ "ಮಾರ್ತ್ಯಾ", ಅವರು ಭಾಯಿಗೆ "ದಸ್ತ್ಯಾ". ದಿನಾ ಮಧ್ಯಾಹ್ನ ಹೋಟೆಲಿನಿಂದ ಒಂದೇ ಒಂದು ಚಹಾ ಬರುತ್ತಿತ್ತು. ಬಶಿಗೆ, ಅಂದರೆ ಸಾಸರಿಗೆ, ಸುರಿದ ಅರ್ಧ ಮಾರುತಿಯವರಿಗೆ, ಕಪ್ಪಿನಲ್ಲಿ ಉಳಿದದ್ದು ಭಾಯಿಗೆ. ಬಶಿಯಲ್ಲಿ ಹೆಚ್ಚು ಬಿತ್ತೆಂದು ಇವರು, ಕಪ್ಪಿನಲ್ಲಿ ಹೆಚ್ಚು ಉಳಿಯಿತೆಂದು ಅವರು. ಈ ಜಗಳ ಮುಗಿಯುವಷ್ಟರಲ್ಲಿ ಚಹಾ ಆರಿರುತ್ತಿತ್ತು. ಇಬ್ಬರೂ ಆರಿದ್ದನ್ನೇ ಸುಖವಾಗಿ ಕುಡಿಯುತ್ತಿದ್ದರು.

ನನ್ನ ಟ್ರಂಕಿನಲ್ಲಿ ಊರಿನಿಂದ ತಂದ ಅಂಗೈಯಗಲದ ಒಂದು ಕಾಗೆ ಬಂಗಾರದ ತುಂಡಿತ್ತು. ನಮ್ಮ ಕಡೆ ಹೊಲದ ಬದುವಿನಲ್ಲಿ, ಹಳ್ಳದ ಮರಳಿನಲ್ಲಿ ಅದು ಮಿಂಚುತ್ತ ಬಿದ್ದಿರುತ್ತದೆ. ಚಿಕ್ಕಂದಿನಲ್ಲಿ ಉಗುರು ಹಾಕಿ ಪದರ ಪದರ ಬಿಡಿಸಿ, ಆ ತೆಳುವಾದ ಹಾಳೆಯನ್ನು ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡಲು ಹೋಗಿ ಅಜ್ಜಿಯಿಂದ ಬೈಸಿಕೊಂಡದ್ದುಂಟು. ನಿಪ್ಪಾಣಿ, ಚಿಕ್ಕೋಡಿ ಸೀಮೆಯ ನೆಲವೇ ಬೇರೆ. ಅಲ್ಲಿ ಕೆಳಗಿರುವುದು ಯಾವ ಕಾಲದ್ದೋ ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು, ಮೇಲೆ ಎರೆಮಣ್ಣು. ಅಲ್ಲಿಯ ಮಕ್ಕಳು ಹೊಲದಲ್ಲಿ ಕಾಗೆ ಬಂಗಾರ ಹೆಕ್ಕಿದ್ದೇ ಇಲ್ಲ. ಆ ಹೆಸರು ಕೇಳಿದರೆ ತರಗತಿಯಲ್ಲಿ ನಗು. "ಕಾಗಿ ಎಲ್ಲಿಂದ ಬಂಗಾರ ತರತೈತ್ರಿ ಸರ?" ಎಂದು ಕಬ್ಬೂರ ಕಡೆಯ ಹುಡುಗಿಯೊಬ್ಬಳು ಕೇಳಿದ್ದಳು. ಪುಸ್ತಕದ ಹೆಸರು ಅಭ್ರಕ, ಇಂಗ್ಲಿಷಿನಲ್ಲಿ ಮೈಕಾ ಎಂದೆ. "ಮೈಕಾ ಗೊತ್ರಿ! ನಮ್ಮ ಮನಿ ಟೇಬಲ್ಲಿಗೆ ಹಚ್ಚೇರಿ!" ಎಂದು ಇಡೀ ತರಗತಿ ಕೂಗಿತು. ಅದು ಬಡಗಿಯ ಮೈಕಾ, ಇದು ಬೇರೆ ಎಂದು ಹೇಳಿ ಪಾಠ ಮುಂದುವರಿಸಿದೆ. ತರಗತಿಯಲ್ಲಿ ಅದು ನಗೆಯ ಮಾತಾಗಿತ್ತು.

ಆ ವರ್ಷ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಭಾಯಿಗೆ ಸಿಕ್ಕಿತು. ಅದೇ ಸಂಭ್ರಮದಲ್ಲಿ ಅವರು ತಮ್ಮ ಇದ್ದಲಿ ಇಸ್ತ್ರಿಯನ್ನು ಅಟ್ಟಕ್ಕೇರಿಸಿ, ಕೊಲ್ಲಾಪುರದ ಹಳೇ ಬಜಾರಿನಿಂದ ಒಂದು ಕರೆಂಟಿನ ಇಸ್ತ್ರಿ ತಂದರು. ಭಾರದ್ದು, ಬೆಳ್ಳಿಯಂತೆ ಹೊಳೆಯುವ ಮೈಯದ್ದು. ಅಂಗಡಿಯಲ್ಲಿದ್ದದ್ದು ಎರಡು ತೂತಿನ ಪ್ಲಗ್ಗು. ಇಸ್ತ್ರಿಯ ಮೂರನೆಯ ಪಿನ್ನನ್ನು ಹಿಂದಿನ ಮಾಲೀಕನೇ ಕಿತ್ತುಹಾಕಿದ್ದ. ನೆಲಕ್ಕೆ ಹೋಗಬೇಕಾದ ತಂತಿ ಎಲ್ಲಿಗೂ ಹೋಗಿರಲಿಲ್ಲ. ಆಗ ಯಾರ ಮನೆಯಲ್ಲೂ ಹೋಗುತ್ತಿರಲಿಲ್ಲ.

ಕರೆಂಟಿನ ಇಸ್ತ್ರಿ ಬಂದ ದಿನದಿಂದ ಅಂಗಡಿಯಲ್ಲಿ ಒಂದು ಹೊಸ ನಾಟಕ ಶುರುವಾಯಿತು. ಗಿರಾಕಿ ಒಳಗೆ ಬಂದು ಕೂರುತ್ತಿದ್ದಂತೆ ಭಾಯಿ ಇಸ್ತ್ರಿ ಮುಟ್ಟಿ, ಕಣ್ಣು ಮೇಲೆ ಮಾಡಿ, ಕೈಕಾಲು ಥರಥರ ನಡುಗಿಸಿ, "ಯಾ ಅಲ್ಲಾ, ಹಿಡೀತೋ, ಹಿಡೀತೋ!" ಎಂದು ಕೂಗುವುದು. ಗಿರಾಕಿ ಎದ್ದು ಓಡುವುದು. ಎದುರಿನಿಂದ ಮಾರುತಿ ಬಿದ್ದು ಬಿದ್ದು ನಗುವುದು. ನನ್ನ ಮೇಲೂ ಇದು ಆಯಿತು. ಮೆಟ್ಟಿಲಿನಿಂದ ಎರಡೆರಡು ಹಾರಿ ಇಳಿದುಬಂದೆ. "ಸೈನ್ಸ್ ಮಾಸ್ತರನೂ ಓಡಿ ಬಂದ ನೋಡಲೇ ಮಾರ್ತ್ಯಾ!" ಎಂದು ಭಾಯಿ ಇಡೀ ಓಣಿಗೆ ಕೇಳುವಂತೆ ಹೇಳಿದರು. ಭಾಭಿ ಸೂಜಿಯಿಂದ ತಲೆ ಎತ್ತದೆ, "ಒಂದಿನ ಖರೇನೇ ಹಿಡೀತೈತಿ," ಎಂದರು.

ಜುಲೈ ಹೊತ್ತಿಗೆ ಇಸ್ತ್ರಿ ಕೆಟ್ಟಿತು. ಕರೆಂಟಿನ ಸಾಮಾನು ದುರಸ್ತಿ ಮಾಡುವವ ಬಿಚ್ಚಿ ನೋಡಿ, ಒಳಗಿನ ಮೈಕಾ ಒಡೆದಿದೆ, ಮುಂದಿನ ವಾರ ಕೊಲ್ಲಾಪುರದಿಂದ ತರಿಸಿ ಹಾಕುತ್ತೇನೆ ಎಂದನಂತೆ. ಭಾಯಿಗೆ ಒಂದು ವಾರ ಕಾಯುವ ವ್ಯವಧಾನ ಎಲ್ಲಿ? ಅಂಗಿ, ಚಡ್ಡಿ, ಲಂಗಗಳ ರಾಶಿ ಬಿದ್ದಿತ್ತು. ಇಸ್ತ್ರಿಯನ್ನು ಬಗಲಲ್ಲಿ ಇಟ್ಟುಕೊಂಡು ಸೀದಾ ಎದುರಿನ ಅಂಗಡಿಗೆ ಹೋದರು. ಆಗ ನಾನು ಶಾಲೆಯಲ್ಲಿದ್ದೆ. ಆ ಮಾತುಕತೆಯನ್ನು ಇಬ್ಬರೂ ಆಮೇಲೆ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಇಬ್ಬರ ಬಾಯಲ್ಲೂ ಒಂದಕ್ಷರ ಆಚೀಚೆ ಆಗಿಲ್ಲ.

"ಮಾರ್ತ್ಯಾ, ಮೈಕಾ ಐತೇನೋ?"

"ಮೈಕಾ ಇಲ್ಲದ ಸುತಾರ ಯಾಂವ ಅದಾನಲೇ? ಎಷ್ಟ ಬೇಕ?"

"ಈ ಇಸ್ತ್ರಿ ಹೊಟ್ಟಿಯಷ್ಟು."

"ಇಸ್ತ್ರಿಗೆ ಮೈಕಾ? ಶೋಕಿ ಭಾಳ ಆತು ನಿಂದು."

"ಒಳಗ ಹಾಕೂದೋ. ಹೊರಗ ಕಾಣಂಗಿಲ್ಲ."

"ಕಾಣದಿದ್ರೇನಾತು? ಚಲೋದನ್ನ ಹಾಕು."

ಅಂಗಡಿಯ ಮೂಲೆಯಲ್ಲಿ ತುಂಡು ಮೈಕಾಗಳ ರಾಶಿಯಿತ್ತು. ಮಾರುತಿ ಅದನ್ನು ಮುಟ್ಟಲಿಲ್ಲ. ಮಗಳ ಮದುವೆಯ ಕನ್ನಡಿ ಮೇಜಿಗೆಂದು ಎತ್ತಿಟ್ಟಿದ್ದ ಹಾಳೆ ತೆಗೆದರು. ಹಸಿರು ಮೈ, ಅದರ ತುಂಬ ಸಣ್ಣ ಸಣ್ಣ ಬಿಳಿ ಹೂ. ಅದರ ಅಂಚಿನಿಂದ ಕತ್ತರಿಸಿ ಕೊಟ್ಟರು. ಭಾಯಿ ಅದರ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಕಾಲರಿನ ಕ್ಯಾನ್ವಾಸು ಕತ್ತರಿಸುವಷ್ಟೇ ನಾಜೂಕಾಗಿ ಕೂರಿಸಿದರು. ಸಂಜೆ ನಾನು ಬಂದಾಗ ಇಸ್ತ್ರಿ ಕೆಲಸ ಮಾಡುತ್ತಿತ್ತು. "ರಿಪೇರಿ ಆತ್ರಿ ಮಾಸ್ತರ, ಹೊಸಾ ಮೈಕಾ ಹಾಕೇನಿ," ಎಂದರು. ಕೊಲ್ಲಾಪುರದಿಂದ ಬೇಗ ಬಂದಿರಬೇಕು ಎಂದುಕೊಂಡೆ. ಮರುದಿನ ಅದೇ ಇಸ್ತ್ರಿಯಲ್ಲಿ ನನ್ನ ಅಂಗಿಯನ್ನೂ ತೀಡಿಕೊಂಡೆ. ಹಿಂದಿನ ದಿನ ತೊಳೆದ ಅಂಗಿ, ಇನ್ನೂ ತೇವ ಇತ್ತು. ಬರಿಗಾಲು, ಕೆಳಗೆ ಕಲ್ಲುಚಪ್ಪಡಿ ಹಾಸಿದ ಫರಸಿಯ ನೆಲ. ಅದನ್ನು ನೆನೆದಾಗಲೆಲ್ಲ ಈಗಲೂ ಅಂಗಾಲು ತಣ್ಣಗಾಗುತ್ತದೆ.

ಒಂದಷ್ಟು ದಿನ ಏನೂ ಆಗಲಿಲ್ಲ. ಬಡಗಿಯ ಮೈಕಾ ಅಂದರೆ ಕಾಗದ. ಕಾಗದದ ಮೇಲೆ ಕಾಗದ ಇಟ್ಟು, ರಾಳ ಕುಡಿಸಿ, ಕಾಯಿಸಿ ಒತ್ತಿದ ಹಾಳೆ. ಮೊದಮೊದಲು ಅದೂ ಕರೆಂಟನ್ನು ತಡೆಯುತ್ತದೆ. ಆದರೆ ಕಾದ ತಂತಿಯ ಮೈಗೆ ತಾಗಿಕೊಂಡು ದಿನಾ ಬೇಯುತ್ತಿದ್ದರೆ ಉಬ್ಬುತ್ತದೆ, ಕರಕಾಗುತ್ತದೆ. ಕರಕಾದದ್ದು ಇದ್ದಲಿ. ಇದ್ದಲಿ ಕರೆಂಟನ್ನು ತಡೆಯುವುದಿಲ್ಲ, ದಾರಿ ಮಾಡಿಕೊಡುತ್ತದೆ. ಆ ದಿನಗಳಲ್ಲಿ ಅಂಗಡಿಯೊಳಗೆ ಒಂದು ಸಿಹಿ ಕಮಟು ಇತ್ತು. ಗಂಜಿ ಹಾಕಿದ ಬಟ್ಟೆಯದಿರಬೇಕು ಎಂದು ಭಾಭಿ ಅಂದರು. ವಖಾರದ ಕಡೆಯಿಂದ ಬಂದಿರಬೇಕು ಎಂದು ಮಾರುತಿ ಅಂದರು. ಆಮೇಲೆ ಎಲ್ಲರೂ ಅದನ್ನು ಮರೆತರು.

ಆ ಮಧ್ಯಾಹ್ನ ಜಿಟಿಜಿಟಿ ಮಳೆ. ಶಾಲೆ ಬೇಗ ಬಿಟ್ಟಿತ್ತು. ನಾನು ಮೆಟ್ಟಿಲ ಮೇಲೆ ಕೂತು ಒದ್ದೆ ಚಪ್ಪಲಿ ಬಿಚ್ಚುತ್ತಿದ್ದೆ. ಬೆಂಚಿನ ಮೇಲೆ ಮಗನ ಅಂಗಿಗಾಗಿ ಕಾಯುತ್ತ ಒಬ್ಬ ರೈತ ಕೂತಿದ್ದ. ಭಾಭಿ ಬಾಗಿಲ ಬೆಳಕಿಗೆ ಕೂತು ಗುಂಡಿ ಹಚ್ಚುತ್ತಿದ್ದರು. ಹೊರಗಿನಿಂದ ಎಲ್ಲರ ಕಾಲಿಗಂಟಿ ಬಂದ ನೀರು ಫರಸಿಯ ಮೇಲೆ ಹರಡಿತ್ತು. ಈ ಜಾಗಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಜೋಡಿಸಿ ನೋಡಿದ್ದೇನೋ. ಯಾರು ಎಲ್ಲಿದ್ದರು, ಪ್ಲಗ್ಗು ಯಾರ ಹಿಂದಿತ್ತು, ಅಲ್ಲಿಗೆ ತಲುಪಲು ನನಗೆ ಎಷ್ಟು ದೂರ. ಪ್ಲಗ್ಗು ಭಾಯಿಯ ಬೆನ್ನ ಹಿಂದೆ, ಬಟ್ಟೆಯ ರಾಶಿಯ ಆಚೆ. ಎಷ್ಟು ಸಲ ಜೋಡಿಸಿದರೂ ಅದು ಅಲ್ಲೇ ಇರುತ್ತದೆ.

ಭಾಯಿ ಒಂದು ಅಂಗಿಯ ಅರ್ಧ ತೀಡಿ ಮುಗಿಸಿದ್ದರು. ಇಸ್ತ್ರಿಯ ತಳಕ್ಕೆ ಗಂಜಿ ಹಿಡಿದಿತ್ತು. ಬಲಗೈಯಿಂದ ಹಿಡಿಕೆ ಹಿಡಿದು ಎತ್ತಿ, ಎಡಗೈಯಲ್ಲಿ ಒದ್ದೆ ಅರಿವೆ ತೆಗೆದುಕೊಂಡು ಅದರ ಮೈಯನ್ನು ಬಳಸಿ ಹಿಡಿದು ಒರೆಸಲು ಹೋದರು. ಆಗ ಅವರ ಮೈ ನಡುಗಿತು. ಕಣ್ಣು ಮೇಲೆ ಹೋಯಿತು.

ಬೆಂಚಿನ ಮೇಲಿದ್ದ ರೈತ ನಕ್ಕ. ಎದುರಿನ ಅಂಗಡಿಯಿಂದ ಮಾರುತಿ, "ಚಾಲೂ ಆತು ನೋಡ ಇವನ ತಮಾಷಾ!" ಎಂದು ಕೂಗಿದರು. ನನ್ನ ಬಾಯಲ್ಲೂ ನಗು ಬಂದಿತ್ತು.

ಭಾಭಿ ನಗಲಿಲ್ಲ. ಅವರು ತಲೆ ಎತ್ತಿಯೂ ನೋಡಿರಲಿಲ್ಲ. ಕಿವಿಗೊಟ್ಟಿದ್ದರು. ನಾಟಕ ಆಡುವಾಗ ಭಾಯಿ ಕೂಗುತ್ತಿದ್ದರು. ಈ ಸಲ ಸದ್ದೇ ಇರಲಿಲ್ಲ. ಆ ಮೌನ ಕೇಳಿದ್ದೇ ಸೂಜಿ ಬಿಟ್ಟು ಎದ್ದರು. ಗೋಡೆಗೆ ಒರಗಿಸಿದ್ದ, ಬಟ್ಟೆ ಅಳೆಯುವ ಕಟ್ಟಿಗೆಯ ಗಜವನ್ನು ಎರಡೂ ಕೈಯಲ್ಲಿ ಎತ್ತಿ ಗಂಡನ ಎಡಗೈ ಮಣಿಕಟ್ಟಿನ ಮೇಲೆ ಹೊಡೆದರು. ಕೈ ಬಿಡಲಿಲ್ಲ. ಇನ್ನೊಂದು ಹೊಡೆದರು. ಇಸ್ತ್ರಿ ಹಾರಿ ನೆಲಕ್ಕೆ ಬಿತ್ತು, ಒದ್ದೆ ಫರಸಿಯ ಮೇಲೆ ಚಟ್ಟೆಂದು ಕಿಡಿ ಹಾರಿ ಇಡೀ ಅಂಗಡಿಯ ದೀಪ ಹೋಯಿತು. ಭಾಯಿ ಬಟ್ಟೆಯ ರಾಶಿಯ ಮೇಲೆ ಬಿದ್ದರು.

ಆ ಕತ್ತಲೆಯಲ್ಲಿ ಸುಟ್ಟ ಮೈಕಾದ ವಾಸನೆ ಮಾತ್ರ ಇತ್ತು. ತಂಬಾಕಿನ ಘಾಟು ಅದನ್ನು ಮುಚ್ಚಲಿಲ್ಲ.

ನಾನು ಅವರ ಎದೆಗೆ ಕಿವಿಯಿಟ್ಟೆ. ಕೇಳಿಸಿದ್ದು ನನ್ನ ಎದೆಯ ಸದ್ದೋ ಅವರದೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾರುತಿ ತಲೆಗೂದಲ ತುಂಬ ಕಟ್ಟಿಗೆಯ ಹೊಟ್ಟು ಮೆತ್ತಿಕೊಂಡವರು ಓಡಿ ಬಂದು, "ದಸ್ತ್ಯಾ, ಏ ದಸ್ತ್ಯಾ, ಊಠ ರೇ!" ಎಂದು ಮರಾಠಿಯಲ್ಲಿ ಏಳು ಏಳು ಎನ್ನುತ್ತ ಅವರ ಕಾಲು ತಿಕ್ಕತೊಡಗಿದರು. ರೈತ ಡಾಕ್ಟರರನ್ನು ಕರೆತರಲು ಮಳೆಯಲ್ಲೇ ಓಡಿದ. ಭಾಭಿ ಗಜ ಹಿಡಿದುಕೊಂಡೇ ನಿಂತಿದ್ದರು. ಇನ್ನೂ ಯಾರಿಗೋ ಹೊಡೆಯಬೇಕಾದೀತು ಎಂಬಂತೆ.

ಭಾಯಿ ಉಸಿರು ಎಳೆದುಕೊಂಡರು. ಕೆಮ್ಮಿದರು. ಕಣ್ಣು ಬಿಟ್ಟು ನನ್ನನ್ನು ಗುರುತಿಸಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದ ಮೊದಲ ಮಾತು: "ಮಾಸ್ತರ... ಅಂಗಿ ಸುಡಲಿಲ್ಲಲ್ಲ?"

ಭಾಭಿ ಆಗ ಗಜ ಕೆಳಗಿಟ್ಟು ಅಳಲು ಶುರು ಮಾಡಿದರು.

ಡಾಕ್ಟರು ಬಂದು ನೋಡಿದರು. ಎಡ ಅಂಗೈ ಸುಟ್ಟಿತ್ತು. ಅದಕ್ಕಿಂತ ಹೆಚ್ಚಿನ ಪೆಟ್ಟು ಮಣಿಕಟ್ಟಿಗೆ, ಮೂಳೆ ಬಿರುಕು ಬಿಟ್ಟಿತ್ತು. ಭಾಯಿಗೆ ಮಾತು ಬಂದಿತ್ತು. "ಕರೆಂಟ್ ಬಿಟ್ಟರೂ ಇಕಿ ಬಿಡಲಿಲ್ರಿ ಡಾಕ್ಟರ. ಲಗ್ನ ಆದಾಗಿಂದ ಕಾಯಾಕತ್ತಿದ್ಲು," ಎಂದರು. ನಗಲು ಹೋದರು, ಹಲ್ಲು ಕಟಕಟ ಬಡಿದವು. ಅದು ನಾಟಕವಾಗಿರಲಿಲ್ಲ.

ದೀಪ ಬಂದ ಮೇಲೆ ಮಾರುತಿ ತಮ್ಮ ತಿರುಪುಳಿ ತಂದು ಕೊಟ್ಟರು. ಇಸ್ತ್ರಿಯನ್ನು ಬಿಚ್ಚಿದೆ. ಕಾಯುವ ತಂತಿಯ ಕೆಳಗೆ, ನಾನು ಹೊಳೆಯುವ ತೆಳು ಪದರ ಇರುತ್ತದೆಂದುಕೊಂಡಿದ್ದ ಜಾಗದಲ್ಲಿ, ಉಬ್ಬಿ ಕರಕಲಾದ ಹಪ್ಪಳದಂಥದ್ದೊಂದು ಇತ್ತು. ಮುಟ್ಟಿದರೆ ಕೈಗೆ ಮಸಿ. ಒಂದು ಮೂಲೆ ಮಾತ್ರ ಸುಟ್ಟಿರಲಿಲ್ಲ. ಅಲ್ಲಿ ಹಸಿರಿನ ಮೇಲೆ ಒಂದು ಬಿಳಿ ಹೂ.

ಮಾರುತಿ ಅದನ್ನು ನೋಡಿದರು. "ಹಾ ಮಾಝಾ ಮೈಕಾ ಆಹೆ," ಎಂದರು. ಇದು ನನ್ನ ಮೈಕಾ. ಇನ್ನೊಮ್ಮೆ ಅದನ್ನೇ ಹೇಳಿದರು. ಆಮೇಲೆ ನನ್ನ ಮುಖ ನೋಡಿ ಕನ್ನಡದಲ್ಲಿ, "ಇದು ಕಾಗದ ಅಂತ ನನಗ ಗೊತ್ತಿತ್ರಿ ಮಾಸ್ತರ. ದಿನಾ ಕೊಯ್ಯಾಂವ ನಾನು. ಕಾಗದ ಅಂತ ಗೊತ್ತಿದ್ದೂ ಬೆಂಕಿಗೆ ಕೊಟ್ಟೆ. ಮೈಕಾ ಅಂದ, ಮೈಕಾ ಕೊಟ್ಟೆ," ಎಂದು ಎದ್ದು ಹೊರಟರು. ಭಾಯಿ ಕರೆದರು. ತಿರುಗಿ ನೋಡಲಿಲ್ಲ.

ಮರುದಿನ ಎದುರಿನ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿತ್ತು. ಒಳಗೆ ಉಜ್ಜುಗೊರಡಿನ ಸದ್ದಿಲ್ಲ. ಮಧ್ಯಾಹ್ನದ ಚಹಾ ಬಂತು. ಭಾಯಿ ಅರ್ಧ ಕುಡಿದು ಕಪ್ಪನ್ನು ಕಟ್ಟೆಯ ಮೇಲಿಟ್ಟರು. ಉಳಿದರ್ಧ ಅಲ್ಲೇ ಆರಿ, ಮೇಲೆ ಕೆನೆ ಕಟ್ಟಿತು. ಸಂಜೆ ಭಾಭಿ ಅದನ್ನು ಚೆಲ್ಲಿದರು. ಅದರ ಮರುದಿನವೂ ಹಾಗೇ. "ನಾ ಸತ್ತಿದ್ರ ಒಂದ ಸಲ ಅಳತಿದ್ದ. ಬದುಕೇನಿ, ದಿನಾ ಸಾಯಾಕತ್ತಾನ," ಎಂದು ಭಾಯಿ ಎದುರಿನ ಬಾಗಿಲು ನೋಡುತ್ತ ಹೇಳಿದರು. ಅವರಿಗೆ ಸುಟ್ಟ ಕೈಯ ನೋವಿಗಿಂತ ಆ ಅರ್ಧ ಬಾಗಿಲಿನ ನೋವು ಹೆಚ್ಚಾಗಿತ್ತು.

ನಾನು ಟ್ರಂಕು ತೆರೆದು ಕಾಗೆ ಬಂಗಾರದ ತುಂಡನ್ನು ಕೆಳಗೆ ತಂದೆ. ಭಾಭಿಯ ಸೂಜಿ ಇಸಿದುಕೊಂಡು ಅಂಚಿಗೆ ಮೆಲ್ಲನೆ ಚುಚ್ಚಿದೆ. ಒಂದು ಪದರ ಸರಾಗವಾಗಿ ಬಿಟ್ಟುಬಂತು. ಗಾಜಿನಂತೆ ತಿಳಿ, ಆದರೆ ಬಾಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಚಿಮಣಿ ದೀಪದ ಬೆಂಕಿಗೆ ಹಿಡಿದೆ. ಹೊತ್ತಲಿಲ್ಲ, ಹೊಗೆಯಾಡಲಿಲ್ಲ, ಕಪ್ಪೂ ಆಗಲಿಲ್ಲ. ಅಂಟಿದ ಮಸಿ ಒರೆಸಿದರೆ ಮತ್ತೆ ತಿಳಿ.

"ಏನೈತ್ರಿ ಇದರಾಗ?" ಎಂದು ಭಾಯಿ ಕೇಳಿದರು.

ತರಗತಿಯಲ್ಲಿ ಹೇಳುವಂತೆ ಹೇಳಿದರೆ ಉಪಯೋಗವಿಲ್ಲ ಅನ್ನಿಸಿತು. ಅವರ ಮುಂದಿದ್ದ ಬಟ್ಟೆಯನ್ನೇ ತೋರಿಸಿದೆ. ಇದರ ಒಂದೊಂದು ಹಾಳೆಯೂ ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದಿಂದ ನೇಯ್ದ ಬಟ್ಟೆ. ಬಹಳ ಬಿಗಿ ನೇಯ್ಗೆ, ಹರಿಯುವುದು ಕಷ್ಟ. ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ಹಿಡಿದಿರುವುದು ಪೊಟ್ಯಾಸಿಯಂ. ಅದು ನೀವು ಹಾಕುವ ಕಚ್ಚಾ ಹೊಲಿಗೆ ಇದ್ದಂತೆ. ಸೂಜಿ ತಾಗಿದರೆ ಅಲ್ಲೇ ಬಿಚ್ಚುತ್ತದೆ. ನೇಯ್ಗೆಯೊಳಗೆ ನೀರಿನ ಅಂಶವೂ ಒಂದಿಷ್ಟು ಸಿಕ್ಕಿಕೊಂಡಿದೆ. ಇಸ್ತ್ರಿಯ ಶಾಖಕ್ಕೆಲ್ಲ ಅದು ಬಿಟ್ಟು ಹೋಗುವುದಿಲ್ಲ. ಕರೆಂಟು ಇದನ್ನು ದಾಟುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಅದಕ್ಕೇ ಇದನ್ನು ಇಸ್ತ್ರಿಯೊಳಗೆ ಹಾಕುತ್ತಾರೆ, ರೇಡಿಯೋದೊಳಗೆ ಹಾಕುತ್ತಾರೆ, ದೊಡ್ಡ ಒಲೆಗಳಿಗೆ ಕಿಟಕಿ ಮಾಡುತ್ತಾರೆ.

"ಕಚ್ಚಾ ಟಾಕಾ," ಎಂದು ಭಾಯಿ ಮೆಚ್ಚಿಕೊಂಡು ತಲೆದೂಗಿದರು. "ಪಟ್ಯಾಸ್ಯಂ ಅಂದ್ರ ಕಚ್ಚಾ ಟಾಕಾ."

ಭಾಭಿ ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಬೆರಳು ಮಿಂಚಿತು. "ಗುಲಾಲದಾಗ ಮಿಂಚತೈತಲ್ಲ, ಅದ ಇದೇನ್ರಿ?" ಎಂದರು. ಹೌದು ಎಂದೆ. ಇದರ ಪುಡಿಯನ್ನು ಬಣ್ಣಕ್ಕೂ ಬೆರೆಸುತ್ತಾರೆ. "ನಮ್ಮಪ್ಪ ಕೆಮ್ಮಿಗೆ ಅಭ್ರಕ ಭಸ್ಮ ನೆಕ್ಕತಿದ್ದ," ಎಂದು ಭಾಯಿಗೂ ನೆನಪಾಯಿತು. ಅದೂ ಇದರದ್ದೇ, ವೈದ್ಯರು ಮತ್ತೆ ಮತ್ತೆ ಪುಟವಿಟ್ಟು ಮಾಡುವುದು ಎಂದೆ.

"ಅಪ್ಪನ ಹೊಟ್ಟಿಯೊಳಗೂ ಹೋಗಿತ್ತು. ನನ್ನ ಇಸ್ತ್ರಿ ಹೊಟ್ಟಿಗೆ ಮಾತ್ರ ಹೋಗಲಿಲ್ಲ," ಎಂದು ಭಾಯಿ ನಿಟ್ಟುಸಿರು ಬಿಟ್ಟರು. "ನಿಮ್ಮೂರಾಗ ಇದಕ್ಕ ಏನಂತೀರಿ ಅಂದ್ರಿ?"

"ಕಾಗೆ ಬಂಗಾರ."

"ಕಾಗಿ ಬಂಗಾರ. ಇದು ಚಲೋ ಐತಿ. ಯಾ ಸುತಾರನ ಅಂಗಡ್ಯಾಗೂ ಕಾಗಿ ಬಂಗಾರ ಸಿಗಂಗಿಲ್ಲ. ಇನ್ನ ಮ್ಯಾಲ ಇದನ್ನ ಮೈಕಾ ಅಂದಾಂವಗ ಈ ಅಂಗಡ್ಯಾಗ ಅಂಗಿ ಹೊಲಿಯಂಗಿಲ್ಲ," ಎಂದು ಭಾಯಿ ಎದುರಿನ ಅಂಗಡಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಅರ್ಧ ಬಾಗಿಲಿನ ಹಿಂದೆ ಏನೂ ಅಲುಗಲಿಲ್ಲ.

ಭಾಯಿಯ ಕತ್ತರಿಯಿಂದಲೇ ಪದರಗಳನ್ನು ಇಸ್ತ್ರಿಯ ಆಕಾರಕ್ಕೆ ಕತ್ತರಿಸಿ ಕೂರಿಸಿದೆ. ದುರಸ್ತಿಯವನನ್ನೇ ಕರೆಸಿ ಎಲ್ಲ ನೋಡಿಸಿ, ಮೂರು ಪಿನ್ನಿನ ಪ್ಲಗ್ಗು ಹಾಕಿಸಿ, ನೆಲಕ್ಕೆ ತಂತಿ ಇಳಿಸಿದ್ದೂ ಆಯಿತು. ಅವನು ಟೆಸ್ಟರನ್ನು ಇಸ್ತ್ರಿಯ ಮೈಗೆಲ್ಲ ಮುಟ್ಟಿಸಿದ. ಅದರ ಕೆಂಪು ದೀಪ ಹತ್ತಲಿಲ್ಲ. ಅಂದರೆ ಎಲ್ಲ ಸರಿಯಾಗಿತ್ತು. ಆದರೆ ಭಾಯಿಯ ಬಲಗೈ ಹಿಡಿಕೆಯ ತನಕ ಹೋಗಿ ನಿಲ್ಲುತ್ತಿತ್ತು. ಊರಿಗೆಲ್ಲ ನಡುಗುವ ನಾಟಕ ತೋರಿಸಿದ ಕೈ ಈಗ ನಿಜವಾಗಿ ನಡುಗುತ್ತಿತ್ತು. ಅವರು ಅದನ್ನು ನಮ್ಮಿಂದ ಅಡಗಿಸಿ, "ಮಳಿ ಹೋಗಲಿ ತಡೀರಿ," ಎಂದು ಅಟ್ಟದಿಂದ ಇದ್ದಲಿ ಇಸ್ತ್ರಿ ಇಳಿಸಿದರು. ಒಂದೇ ಕೈಯಲ್ಲಿ ಅದರ ಭಾರ ಎತ್ತಲಾರದೆ ಮತ್ತೆ ಕೆಳಗಿಟ್ಟರು. ಅರ್ಧ ತೀಡಿದ ಆ ಅಂಗಿ ಗೂಟಕ್ಕೆ ಹಾಗೇ ನೇತಾಡುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಎದುರಿನ ಅಂಗಡಿಯಿಂದ ಸದ್ದು ಕೇಳಿತು. ಇಡೀ ದಿನ ಉಜ್ಜುಗೊರಡು ನಡೆಯಿತು, ಮರುದಿನವೂ ನಡೆಯಿತು. ಭಾಯಿ ಕತ್ತರಿ ಬಿಟ್ಟು ಕಿವಿಗೊಡುತ್ತಿದ್ದರು. "ಸಾಗವಾನಿ," ಎಂದರು ಸದ್ದು ಕೇಳಿಯೇ.

ಮೂರನೆಯ ದಿನ ಚಹಾ ಬರುವ ಹೊತ್ತಿಗೆ ಮಾರುತಿ ಹೆಗಲ ಮೇಲೆ ಏನನ್ನೋ ಹೊತ್ತು ಓಣಿ ದಾಟಿ ಬಂದರು. ಯಾರನ್ನೂ ನೋಡದೆ ಇಸ್ತ್ರಿಯ ಮೇಜಿನ ಮುಂದೆ ಇಳಿಸಿದರು. ಗೇಣು ಎತ್ತರದ, ಒಬ್ಬರು ಆರಾಮಾಗಿ ನಿಲ್ಲುವಷ್ಟು ಅಗಲದ ಮಣೆ. ಕೆಳಗೆ ಹಳೇ ಟೈರಿನ ರಬ್ಬರು ಅಂಟಿಸಿದ್ದರು. ಬಗ್ಗಿ ನೋಡಿದೆ. ಕರೆಂಟಿಗೆ ದಾರಿಯಾಗುವ ಒಂದು ಮೊಳೆಯೂ ಎಲ್ಲಿಯೂ ಇಲ್ಲ. ಸಂದು ಸಂದಿಗೂ ಕಟ್ಟಿಗೆಯ ಗೂಟವನ್ನೇ ಬಡಿದು ಕೂರಿಸಿದ್ದರು.

"ಮೊಳಿ ಹೊಡದಿಲ್ಲ. ಮೈಕಾನೂ ಹಚ್ಚಿಲ್ಲ," ಎಂದು ಮಾರುತಿ ನೆಲ ನೋಡುತ್ತ ಹೇಳಿದರು. "ನಿಂದ್ರ ಇದರ ಮ್ಯಾಲ."

ಭಾಯಿ ಕೊರಳಿಗೆ ಕಟ್ಟಿದ ಕೈಯನ್ನು ಸರಿಮಾಡಿಕೊಂಡು ಮಣೆ ಹತ್ತಿದರು. ಕಾಲು ಊರಿ, ಕುಣಿದು ಗಟ್ಟಿಯೋ ಎಂದು ನೋಡಿದರು. ಆಮೇಲೆ ಮಾರುತಿಯ ತಲೆಯನ್ನು ಮೇಲಿನಿಂದ ನೋಡುತ್ತ, "ಈಗ ನಿನಗಿಂತ ಉದ್ದ ಆದ್ನೋ ಇಲ್ಲೋ ನೋಡಲೇ ಮಾರ್ತ್ಯಾ," ಎಂದರು.

ಮಾರುತಿ ನಗಲು ಬಾಯಿ ತೆರೆದು ಅತ್ತುಬಿಟ್ಟರು. ಭಾಭಿ ಬಶಿ ತೊಳೆದು ತಂದು, ಕಪ್ಪಿನಿಂದ ಚಹಾ ಸುರಿದು ಅವರ ಕೈಗೆ ಕೊಟ್ಟರು. ಅರ್ಧಕ್ಕಿಂತ ಹೆಚ್ಚೇ ಸುರಿದಿದ್ದರು. ಆ ದಿನ ಭಾಯಿ ಜಗಳ ತೆಗೆಯಲಿಲ್ಲ. ಗೂಟದ ಮೇಲಿನ ಅಂಗಿಯನ್ನು ಇಳಿಸಿ ಮೇಜಿನ ಮೇಲೆ ಹಾಸಿದರು. ಇಸ್ತ್ರಿಯ ಹಿಡಿಕೆಯ ಮೇಲೆ ಕೈಯಿಟ್ಟರು, ಒಂದು ಕ್ಷಣ ತಡೆದರು. ಭಾಭಿಯ ಕೈ ಗಜದ ಮೇಲಿತ್ತು. ಇಸ್ತ್ರಿ ಅಂಗಿಯ ಮೇಲೆ ಜಾರಿತು. ಬಿಸಿ ಬಟ್ಟೆಯ ವಾಸನೆ ಮಾತ್ರ ಬಂತು.

ಅದಾಗಿ ನನಗೆ ರಾಯಬಾಗಕ್ಕೆ ವರ್ಗವಾಯಿತು, ತೊಂಬತ್ತರ ದಶಕದಲ್ಲಿ ಅಥಣಿಗೆ. ಮದುವೆಯಾದ ಮೇಲೂ ಅಂಗಿ ಹೊಲಿಸಲು ನಿಪ್ಪಾಣಿಗೇ ಹೋಗುತ್ತಿದ್ದೆ. ಅಷ್ಟು ದೂರ ಯಾಕೆಂದು ಹೆಂಡತಿ ಕೇಳುವುದನ್ನು ಬಿಟ್ಟಿದ್ದಳು. ಹೋದಾಗಲೆಲ್ಲ ಭಾಯಿ ಯಾವನೋ ಹೊಸ ಗಿರಾಕಿಯನ್ನು ಕೂರಿಸಿಕೊಂಡು, ಇಸ್ತ್ರಿ ತೋರಿಸಿ, ಮಣೆ ತೋರಿಸಿ, ಮಣಿಕಟ್ಟು ತೋರಿಸಿ ಅದೇ ಕಥೆ ಹೇಳುತ್ತಿದ್ದರು. ಪ್ರತಿ ಸಲವೂ ಗಜ ಒಂದಿಷ್ಟು ಉದ್ದವಾಗಿರುತ್ತಿತ್ತು. ನಡುಗಿ ತೋರಿಸುವುದನ್ನು ಮಾತ್ರ ಮತ್ತೆಂದೂ ಮಾಡಲಿಲ್ಲ.

ಅಥಣಿಯಲ್ಲಿದ್ದಾಗ ಒಮ್ಮೆ ಬಲ್ಬು ತರಲು ಕರೆಂಟಿನ ಸಾಮಾನಿನ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ಕಾಗವಾಡದ ಕಡೆಯವನೊಬ್ಬ ಚೀಲ ಹಿಡಿದು ನಿಂತಿದ್ದ.

"ಇಸ್ತ್ರಿಯೊಳಗ ಹಾಕೂ ಕಾಗಿ ಬಂಗಾರ ಐತೇನ್ರಿ?" ಎಂದ.

ನಾನು ಕೈಯಲ್ಲಿದ್ದ ಬಲ್ಬನ್ನು ಮೆಲ್ಲಗೆ ಕೆಳಗಿಟ್ಟೆ. ಕರಿಕಲ್ಲಿನ ಆ ಸೀಮೆಯಲ್ಲಿ, ನನ್ನ ಅಜ್ಜಿಯ ಮಾತು.

"ಕಾಗಿ ಬಂಗಾರಾ?" ಅಂಗಡಿಯವ ನಕ್ಕ. "ಮೈಕಾ ಅನ್ರಿ."

"ಅನಬಾರದ್ರಿ ಹಂಗ. ಮೈಕಾ ಅಂದ ನಿಪ್ಪಾಣ್ಯಾಗ ಒಬ್ಬ ದರ್ಜಿ ಸತ್ತ ಹೋದನಂತ. ಅಲ್ಲೇ, ಇಸ್ತ್ರಿ ಹಿಡಕೊಂಡ."

"ಸತ್ತಿಲ್ರಿ," ಎಂದೆ. ಇಷ್ಟು ವರ್ಷಗಳಲ್ಲಿ ನನ್ನ ಬಾಯಿಗೂ ಆ ಮಾತು ಬಂದಿತ್ತು. ಅವರಿಬ್ಬರೂ ನನ್ನ ಕಡೆ ತಿರುಗಿದರು. "ಹೋದ ವಾರ ಭೆಟ್ಟಿಯಾಗಿ ಬಂದೇನಿ. ಈ ಅಂಗಿ ಅವರೇ ಹೊಲದದ್ದು."

ಕಾಗವಾಡದವನಿಗೆ ನಂಬಿಕೆ ಬರಲಿಲ್ಲ. ಚೀಲ ಕೆಳಗಿಟ್ಟು, ಹತ್ತಿರ ಬಂದು, ಎರಡು ಬೆರಳಲ್ಲಿ ನನ್ನ ಕಾಲರನ್ನು ಹಿಡಿದು ನೋಡಿದ. ಆ ಕಾಲರು ಗಂಜಿ ಹಾಕಿ, ಅಂಚು ಮುರಿಯದೆ ತೀಡಿದ್ದು. ಅವನು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ನಾನೂ ಬಿಡಿಸಿಕೊಳ್ಳಲಿಲ್ಲ.